ಕಂಪ್ಯೂಟರಿನಲ್ಲಿ ಇಂಪು, ಅಂಗಳದಲ್ಲಿ ಅಪಸ್ವರ: ಪಾರ್ಟ್ ಎಲ್ಲಿ ತಪ್ಪಿತು?

ಪ್ರಶ್ನೆ: ಮಂಗಳೂರು ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಸಂಗೀತ ಶಿಕ್ಷಕಿ. ಶಾಲೆಯ ಬ್ಯಾಂಡಿಗಾಗಿ ನಾನೇ ಕಟ್ಟಿದ ಹಾಡೊಂದನ್ನು ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಎಫ್ ಮೇಜರ್‌ನಲ್ಲಿ, ಅಂದರೆ ಎಫ್ ಸ್ವರವನ್ನು ಷಡ್ಜವಾಗಿಟ್ಟು, ಬರೆದೆ. ಫ್ಲೂಟ್, ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೋಫೋನ್, ಟ್ರಂಪೆಟ್, ಹಾರ್ನ್, ಟ್ರೊಂಬೋನ್ ಇವೆ. ಕಂಪ್ಯೂಟರಿನಲ್ಲಿ ಕೇಳಿದರೆ ಎಲ್ಲವೂ ಸರಿಯಾಗಿದೆ. ಮುದ್ರಿಸಿ ಮಕ್ಕಳ ಕೈಗೆ ಕೊಟ್ಟರೆ ಒಬ್ಬರಿಗೊಬ್ಬರು ಹೊಂದುವುದೇ ಇಲ್ಲ. ಕ್ಲಾರಿನೆಟ್ ಸಾಲನ್ನು ಆಯ್ದು ಒಂದು ಸ್ವರ ಮೇಲಕ್ಕೆ ಏರಿಸಿದೆ. ಆಗ ಕಂಪ್ಯೂಟರಿನಲ್ಲೇ ಅಪಸ್ವರ ಕೇಳಿಸಿತು. ಆಮೇಲೆ ವಾದ್ಯವನ್ನು ಕ್ಲಾರಿನೆಟ್ ಎಂದು ಬದಲಿಸಿದೆ, ಗೊಂದಲ ಇನ್ನೂ ಹೆಚ್ಚಾಯಿತು. ಕಡತವನ್ನು ಕಳುಹಿಸಿದ್ದೇನೆ. ತಪ್ಪು ಎಲ್ಲಿದೆ? ಪಾರ್ಟ್‌ಗಳನ್ನು, ಅಂದರೆ ಒಂದೊಂದು ವಾದ್ಯದ ಹಾಳೆಯನ್ನು, ಸಿದ್ಧಪಡಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಕಡತವನ್ನು ತೆರೆದು ನೋಡಿದೆ. ಮೊದಲಿಗೆ ಒಂದು ಸಮಾಧಾನದ ಮಾತು: ನಿಮ್ಮ ಸಂಯೋಜನೆಯಲ್ಲಿ ತಪ್ಪಿಲ್ಲ, ಮಕ್ಕಳು ನುಡಿಸಿದ್ದರಲ್ಲೂ ತಪ್ಪಿಲ್ಲ. ನೀವು ಆರು ಸಾಲುಗಳನ್ನೂ ಫ್ಲೂಟ್ ಎಂದೇ ತೆರೆದು, ಆಮೇಲೆ ಎಡಬದಿಯ ಹೆಸರನ್ನು ಮಾತ್ರ ‘ಕ್ಲಾರಿನೆಟ್’, ‘ಆಲ್ಟೊ ಸ್ಯಾಕ್ಸ್’ ಎಂದು ತಿದ್ದಿದ್ದೀರಿ. ಮಿಕ್ಸರ್‌ನಲ್ಲಿ ದನಿಯನ್ನೂ ಬದಲಿಸಿದ್ದೀರಿ, ಹಾಗಾಗಿ ಕಿವಿಗೆ ಕ್ಲಾರಿನೆಟ್ಟಿನಂತೆಯೇ ಕೇಳಿಸುತ್ತದೆ. ಆದರೆ ತಂತ್ರಾಂಶದ ಲೆಕ್ಕದಲ್ಲಿ ಅದು ಇನ್ನೂ ಫ್ಲೂಟೇ. ಹೆಸರು ಬದಲಾದರೆ ವಾದ್ಯ ಬದಲಾಗುವುದಿಲ್ಲ. ನಿಮ್ಮ ಎಲ್ಲ ತೊಂದರೆಯ ಬೇರು ಇಲ್ಲಿದೆ.

ಹಾಗೆ ಮುದ್ರಿಸಿದ ಹಾಳೆಯನ್ನು ಮಕ್ಕಳು ನುಡಿಸಿದಾಗ ಏನಾಯಿತೆಂದರೆ, ಫ್ಲೂಟ್ ಮತ್ತು ಟ್ರೊಂಬೋನ್ ಎಫ್ ಮೇಜರ್‌ನಲ್ಲಿ ಹಾಡಿದವು. ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗಳಿಂದ ಅದೇ ಹಾಡು ಇ-ಫ್ಲ್ಯಾಟ್ ಮೇಜರ್‌ನಲ್ಲಿ ಹೊರಟಿತು (ಫ್ಲ್ಯಾಟ್ ಎಂದರೆ ಅರ್ಧಸ್ವರ ಕೆಳಗೆ, ಶಾರ್ಪ್ ಎಂದರೆ ಅರ್ಧಸ್ವರ ಮೇಲೆ). ಆಲ್ಟೊ ಸ್ಯಾಕ್ಸೋಫೋನ್ ಎ-ಫ್ಲ್ಯಾಟ್ ಮೇಜರ್‌ಗೆ ಹೋಯಿತು. ಹಾರ್ನ್ ಬಿಟ್ಟರೂ ಮೂರು ಶ್ರುತಿಗಳಲ್ಲಿ ಒಂದೇ ಹಾಡು. ಮಕ್ಕಳು ಕಾಗದದಲ್ಲಿದ್ದುದನ್ನು ಚಾಚೂತಪ್ಪದೆ ನುಡಿಸಿದ್ದಾರೆ ಎಂಬುದಕ್ಕೆ ಆ ಅಪಸ್ವರವೇ ಸಾಕ್ಷಿ. ಇದನ್ನು ದಯವಿಟ್ಟು ಅವರಿಗೂ ಹೇಳಿ.

ಹೀಗೇಕೆ ಎಂಬುದಕ್ಕೆ ನಮ್ಮ ಕೊಳಲನ್ನೇ ನೋಡಿದರೆ ಸಾಕು. ಕೊಳಲು ನುಡಿಸುವವರ ಚೀಲದಲ್ಲಿ ಬೇರೆ ಬೇರೆ ಉದ್ದದ ನಾಲ್ಕಾರು ಕೊಳಲುಗಳಿರುತ್ತವೆ. ಹಾಡುವವರ ಶ್ರುತಿ ಯಾವ ಮನೆ ಎಂದು ಕೇಳಿಕೊಂಡು ಅದಕ್ಕೆ ಹೊಂದುವುದನ್ನು ತೆಗೆಯುತ್ತಾರೆ. ಕೊಳಲು ಬದಲಾದರೂ ಬೆರಳು ಬದಲಾಗುವುದಿಲ್ಲ. ಷಡ್ಜಕ್ಕೆ ಮುಚ್ಚುವ ರಂಧ್ರಗಳು ಅವೇ. ಸ್ವರಗಳನ್ನು ಬರೆದ ಪುಸ್ತಕವೂ ಅದೇ. ಕ್ಲಾರಿನೆಟ್ ಮತ್ತು ಸ್ಯಾಕ್ಸೋಫೋನ್ ಕುಟುಂಬಗಳೂ ಹೀಗೆಯೇ ಬೆಳೆದಿವೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದಾಗ ಅದು ಒಂದು ವಾದ್ಯವಾಗಿರಲಿಲ್ಲ, ಚಿಕ್ಕದರಿಂದ ದೊಡ್ಡದರವರೆಗಿನ ಒಂದು ಸಾಲೇ ಆಗಿತ್ತು. ಆಲ್ಟೊ ಕಲಿತ ಹುಡುಗ ನಾಳೆ ಟೆನರ್ ಹಿಡಿದರೂ ಹಾಳೆಯಲ್ಲಿ ‘ಸಿ’ ಕಂಡಾಗ ಬೆರಳು ಅಲ್ಲಿಗೇ ಹೋಗಬೇಕು. ಅದಕ್ಕಾಗಿ ಬರವಣಿಗೆಯನ್ನೇ ಸರಿಸಿದರು. ಆದ್ದರಿಂದ ಈ ವಾದ್ಯಗಳ ಹಾಳೆಯಲ್ಲಿ ಕಾಣುವ ‘ಸಿ’ ಒಂದು ಬೆರಳಿನ ಸ್ಥಾನದ ಹೆಸರು. ಅದು ಯಾವ ನಾದವಾಗಿ ಹೊರಬರುತ್ತದೆ ಎಂಬುದು ಕೊಳವೆಯ ಉದ್ದಕ್ಕೆ ಬಿಟ್ಟದ್ದು.

ಕರಾವಳಿಯ ಮದುವೆ ಮನೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಕೇಳುತ್ತಲೇ ಬೆಳೆದ ಮಕ್ಕಳು ನಿಮ್ಮವರು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತವನ್ನು ಪಳಗಿಸಿದ ಕಥೆ ಅವರಿಗೂ ಗೊತ್ತಿರುತ್ತದೆ. ‘ಷಡ್ಜ ಎಲ್ಲಿಟ್ಟರೂ ಅದು ಷಡ್ಜವೇ’ ಎಂಬುದು ಅಂಥ ಮಕ್ಕಳಿಗೆ ಹೊಸ ವಿಷಯವಲ್ಲ. ಅಲ್ಲಿಂದಲೇ ಪಾಠ ಆರಂಭಿಸಿ.

ಇನ್ನು ಮುಂದೆ ನಾನು ಎರಡು ಮಾತುಗಳನ್ನು ಬಳಸುತ್ತೇನೆ: ಕೇಳುವ ಸ್ವರ, ಓದುವ ಸ್ವರ. ಕೇಳುವ ಸ್ವರವೆಂದರೆ ಪಿಯಾನೊ ಅಥವಾ ಹಾರ್ಮೋನಿಯಂ ಜೊತೆ ತಾಳೆ ನೋಡಬಹುದಾದ ನಿಜವಾದ ನಾದ. ಇದನ್ನೇ ಬ್ಯಾಂಡಿನವರು ಕನ್ಸರ್ಟ್ ಪಿಚ್ ಎನ್ನುತ್ತಾರೆ. ಓದುವ ಸ್ವರವೆಂದರೆ ವಾದಕನ ಮುಂದಿನ ಹಾಳೆಯಲ್ಲಿರುವುದು. ಬಿ-ಫ್ಲ್ಯಾಟ್ ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗಳಲ್ಲಿ ಕೇಳುವುದು ಓದಿದ್ದಕ್ಕಿಂತ ಎರಡು ಅರ್ಧಸ್ವರ ಕೆಳಗೆ. ಇ-ಫ್ಲ್ಯಾಟ್ ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಒಂಬತ್ತು ಅರ್ಧಸ್ವರ, ಅಂದರೆ ಮೇಜರ್ ಸಿಕ್ಸ್ತ್ ಕೆಳಗೆ. ಎಫ್ ಹಾರ್ನಿನಲ್ಲಿ ಏಳು ಅರ್ಧಸ್ವರ, ಅಂದರೆ ಷಡ್ಜ–ಪಂಚಮದ ಅಂತರದಷ್ಟು ಕೆಳಗೆ. ಟೆನರ್ ಸ್ಯಾಕ್ಸೋಫೋನ್ ಬಿ-ಫ್ಲ್ಯಾಟ್ ವಾದ್ಯವೇ ಆದರೂ ಎರಡು ಅರ್ಧಸ್ವರದ ಜೊತೆಗೆ ಇನ್ನೊಂದು ಇಡೀ ಸ್ಥಾಯಿ ಕೆಳಗಿಳಿಯುತ್ತದೆ. ಇದನ್ನು ಮರೆತು ಕ್ಲಾರಿನೆಟ್ ಹಾಳೆಯನ್ನೇ ಟೆನರ್‌ಗೆ ಕೊಡುವವರು ಬಹಳ ಮಂದಿ.

ನಿಮ್ಮ ಹಾಡಿನ ಮೊದಲ ಸ್ವರವನ್ನೇ ಹಿಡಿಯೋಣ. ಕೇಳಬೇಕಾದದ್ದು ಎಫ್, ಸ್ವರರೇಖೆಗಳ ಕೆಳಗಿನಿಂದ ಮೊದಲನೆಯ ಖಾಲಿ ಜಾಗದಲ್ಲಿರುವ ಎಫ್. ಫ್ಲೂಟಿನ ಹಾಳೆಯಲ್ಲಿ ಅದು ಎಫ್ ಆಗಿಯೇ ಇರಬೇಕು, ಕೀ ಸಿಗ್ನೇಚರ್‌ನಲ್ಲಿ, ಅಂದರೆ ಸಾಲಿನ ಆರಂಭದ ಶಾರ್ಪ್–ಫ್ಲ್ಯಾಟ್ ಗುರುತಿನಲ್ಲಿ, ಒಂದು ಫ್ಲ್ಯಾಟ್. ಕ್ಲಾರಿನೆಟ್ ಹಾಳೆಯಲ್ಲಿ ಅದು ಎರಡನೆಯ ಗೆರೆಯ ಜಿ ಆಗಬೇಕು. ಆ ಹಾಳೆ ಜಿ ಮೇಜರ್, ಒಂದು ಶಾರ್ಪ್. ಆಲ್ಟೊ ಹಾಳೆಯಲ್ಲಿ ನಾಲ್ಕನೆಯ ಗೆರೆಯ ಡಿ. ಹಾಳೆ ಡಿ ಮೇಜರ್, ಎರಡು ಶಾರ್ಪ್. ಎಫ್ ಹಾರ್ನಿಗೆ ಮೂರನೆಯ ಜಾಗದ ಸಿ. ಹಾಳೆ ಸಿ ಮೇಜರ್, ಶಾರ್ಪೂ ಇಲ್ಲ, ಫ್ಲ್ಯಾಟೂ ಇಲ್ಲ. ಟ್ರೊಂಬೋನ್ ಕೊಳವೆ ಬಿ-ಫ್ಲ್ಯಾಟ್‌ನದೇ, ಆದರೂ ಬಾಸ್ ಕ್ಲೆಫ್‌ನಲ್ಲಿ (ಕೆಳಸ್ಥಾಯಿಯ ಸ್ವರಗಳಿಗೆ ಸಾಲಿನ ಆರಂಭದಲ್ಲಿ ಹಾಕುವ ಚಿಹ್ನೆ) ಓದುವಾಗ ಅದಕ್ಕೆ ಕೇಳುವ ಸ್ವರವನ್ನೇ ಬರೆಯುವುದು ರೂಢಿ. ಈ ಐದು ಸ್ವರಗಳನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕ ಅಂಟಿಸಿಕೊಳ್ಳಿ. ಮುದ್ರಿಸುವ ಮೊದಲು ಪ್ರತಿ ಪಾರ್ಟಿನ ಮೊದಲ ಸ್ವರವನ್ನೂ ಕೀ ಸಿಗ್ನೇಚರನ್ನೂ ಇದರೊಂದಿಗೆ ಹೋಲಿಸಿದರೆ ಹತ್ತರಲ್ಲಿ ಒಂಬತ್ತು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಈಗ ನಿಮ್ಮ ಎರಡನೆಯ ಪ್ರಯತ್ನಕ್ಕೆ ಬರುತ್ತೇನೆ. ಕ್ಲಾರಿನೆಟ್ ಸಾಲನ್ನು ಒಂದು ಸ್ವರ ಮೇಲಕ್ಕೆ ಏರಿಸಿದಾಗ ಕಂಪ್ಯೂಟರಿನಲ್ಲಿ ಅಪಸ್ವರ ಬಂತು ಎಂದು ಗಾಬರಿಯಾದಿರಿ. ಆ ಕ್ಷಣದಲ್ಲಿ ಮುದ್ರಿಸಿದ್ದರೆ ಕ್ಲಾರಿನೆಟ್ ಹಾಳೆ ಸರಿಯಾಗಿಯೇ ಇರುತ್ತಿತ್ತು. ಕಾಗದ ಸರಿ, ಕಂಪ್ಯೂಟರ್ ತಪ್ಪು ಎಂಬ ಸ್ಥಿತಿ ಅದು. ತಂತ್ರಾಂಶಕ್ಕೆ ಅದು ಫ್ಲೂಟ್ ಆದ್ದರಿಂದ ಬರೆದದ್ದನ್ನೇ ನುಡಿಸಿತು. ಅದರ ಮೇಲೆ ನೀವು ವಾದ್ಯವನ್ನು ನಿಜವಾದ ಕ್ಲಾರಿನೆಟ್ಟಿಗೆ ಬದಲಿಸಿದಿರಿ. ಆಗ ತಂತ್ರಾಂಶವು ‘ಇದು ಕ್ಲಾರಿನೆಟ್, ಓದುವ ಸ್ವರವನ್ನು ನಾನು ಏರಿಸಬೇಕು’ ಎಂದು ಇನ್ನೊಂದು ಸ್ವರ ಏರಿಸಿತು. ಏರಿಸಿದ್ದನ್ನೇ ಮತ್ತೆ ಏರಿಸಿದಂತಾಗಿ ಎಫ್ ಇದ್ದಲ್ಲಿ ಎ ಕುಳಿತಿದೆ. ಪಾರ್ಟ್ ಬರೆಯುವವರ ಬದುಕಿನಲ್ಲಿ ಅತಿ ಹೆಚ್ಚು ಕಾಗದ ಹಾಳು ಮಾಡಿರುವುದು ಈ ಎರಡು ಬಾರಿಯ ಏರಿಕೆಯೇ.

ದುರಸ್ತಿ ಕಷ್ಟವಿಲ್ಲ. ಕೈಯಾರೆ ಏರಿಸಿದ್ದನ್ನೆಲ್ಲ ಮೊದಲು ಹಿಂದಕ್ಕೆ ತನ್ನಿ. ಆರೂ ಸಾಲುಗಳು ಕೇಳುವ ಸ್ವರದಲ್ಲಿ, ಎಫ್ ಮೇಜರ್‌ನಲ್ಲಿ ಇರಬೇಕು. ನೀವು ಮೊದಲ ದಿನ ಉಳಿಸಿದ ಪ್ರತಿ ಇದ್ದರೆ ಅದರಿಂದಲೇ ಹೊರಡುವುದು ಒಳ್ಳೆಯದು. ಆಮೇಲೆ ಸಾಲಿನ ಮೇಲೆ ಬಲಗುಂಡಿ ಒತ್ತಿ, ಸ್ಟಾಫ್ ಮತ್ತು ಪಾರ್ಟ್ ಪ್ರಾಪರ್ಟೀಸ್ ತೆರೆದು, ಅಲ್ಲಿರುವ ವಾದ್ಯ ಬದಲಿಸುವ ಗುಂಡಿಯಿಂದ ಬಿ-ಫ್ಲ್ಯಾಟ್ ಕ್ಲಾರಿನೆಟ್ ಆರಿಸಿ. ಹೆಸರಿನ ಪೆಟ್ಟಿಗೆಯನ್ನು ಮುಟ್ಟಬೇಡಿ, ಹೆಸರು ತಾನಾಗಿ ಬರುತ್ತದೆ. ಹೀಗೆ ಬದಲಿಸಿದಾಗ ಕೇಳುವ ಸ್ವರ ಕದಲುವುದಿಲ್ಲ, ಓದುವ ಸ್ವರ ಮಾತ್ರ ಸರಿಯುತ್ತದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ‘ಕನ್ಸರ್ಟ್ ಪಿಚ್’ ಎಂಬ ಗುಂಡಿಯಿದೆ. ಅದನ್ನು ಒತ್ತಿ, ಬಿಡಿ, ಮತ್ತೆ ಒತ್ತಿ. ಕ್ಲಾರಿನೆಟ್ ಸಾಲು ಎಫ್ ಮತ್ತು ಜಿ ನಡುವೆ ಜಿಗಿಯುವುದು ಕಾಣಬೇಕು; ಫ್ಲೂಟ್ ಸಾಲು ಅಲುಗಾಡಬಾರದು. ಎರಡೂ ಸ್ಥಿತಿಯಲ್ಲಿ ಹಾಡು ಒಂದೇ ರೀತಿ ಕೇಳಿಸಬೇಕು. ಈ ಜಿಗಿತ ಕಂಡರೆ ತಂತ್ರಾಂಶಕ್ಕೆ ನಿಮ್ಮ ವಾದ್ಯಗಳು ಯಾವುವೆಂದು ಗೊತ್ತಾಗಿದೆ ಎಂದರ್ಥ.

ಇಲ್ಲಿ ನನ್ನ ಖಚಿತವಾದ ಅಭಿಪ್ರಾಯವನ್ನು ಹೇಳುತ್ತೇನೆ: ಪಾರ್ಟ್ ತಯಾರಿಸುವಾಗ ಮೆನುವಿನಲ್ಲಿರುವ ‘ಟ್ರಾನ್ಸ್‌ಪೋಸ್’ ಆದೇಶವನ್ನು ಮುಟ್ಟಲೇಬಾರದು. ಅದು ಇಡೀ ಹಾಡಿನ ಶ್ರುತಿಯನ್ನೇ ಬದಲಿಸಬೇಕಾದಾಗ, ಹಾಡುವವಳಿಗೆ ಎತ್ತರವಾಯಿತು ಎಂದು ಎರಡು ಸ್ವರ ಇಳಿಸಬೇಕಾದಾಗ ಬೇಕಾಗುವ ಉಪಕರಣ. ವಾದ್ಯಕ್ಕಾಗಿ ಸರಿಸುವ ಕೆಲಸವನ್ನು ವಾದ್ಯದ ವ್ಯಾಖ್ಯೆಗೆ ಬಿಡಬೇಕು. ಇಂಥವೇ ಬೇರೆ ತಂತ್ರಾಂಶಗಳಾದ ಸಿಬೆಲಿಯಸ್‌ನಲ್ಲೂ ಡೋರಿಕೊದಲ್ಲೂ ಗುಂಡಿಗಳ ಜಾಗ ಬೇರೆ, ತತ್ತ್ವ ಇದೇ. ಲಿಲಿಪಾಂಡ್ ಎಂಬ ತಂತ್ರಾಂಶದಲ್ಲಿ ಮಾತ್ರ ಎಲ್ಲವನ್ನೂ ಅಕ್ಷರದಲ್ಲಿ ಆದೇಶಿಸಬೇಕು; ಕಾಗದವನ್ನು ಸರಿಸುವ ಆದೇಶ ಒಂದು, ಕೇಳಿಸುವ ನಾದವನ್ನು ತಿಳಿಸುವ ಆದೇಶ ಇನ್ನೊಂದು. ಅದನ್ನು ಬಳಸುವವರು ಇವೆರಡನ್ನು ಬೆರೆಸದಂತೆ ಎಚ್ಚರ ವಹಿಸಬೇಕು.

ಸ್ವರಗಳನ್ನು ತುಂಬುವಾಗ ಕನ್ಸರ್ಟ್ ಪಿಚ್ ಗುಂಡಿ ಒತ್ತಿರಬೇಕೇ ಬೇಡವೇ? ನೀವು ಕಿವಿಯಿಂದ, ಕೀಬೋರ್ಡಿನಿಂದ ಬರೆಯುವವರು. ಒತ್ತಿಯೇ ಇಡಿ. ಹಳೆಯ ಮುದ್ರಿತ ಕ್ಲಾರಿನೆಟ್ ಹಾಳೆಯನ್ನು ನೋಡಿ ನಕಲು ಮಾಡುವಾಗ ಮಾತ್ರ ಬಿಡಿ, ಏಕೆಂದರೆ ಆ ಹಾಳೆಯಲ್ಲಿರುವುದು ಓದುವ ಸ್ವರ. ಯಾವ ಸ್ಥಿತಿಯಲ್ಲಿದ್ದೇವೆ ಎಂದು ನೋಡದೆ ಬರೆಯಲು ಕುಳಿತರೆ ಅರ್ಧ ಸಾಲು ಒಂದು ಶ್ರುತಿ, ಉಳಿದರ್ಧ ಇನ್ನೊಂದು ಆಗುತ್ತದೆ.

ನಿಮ್ಮ ಕಡತದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ವಿಷಯವಿದೆ. ಅದು ಕಂಪ್ಯೂಟರಿಗೆ ಎಂದೂ ಕೇಳಿಸುವುದಿಲ್ಲ. ಪಲ್ಲವಿಯ ಕೊನೆಗೆ ಆಲ್ಟೊ ಸಾಲು ಎ ಇಂದ ಜಿವರೆಗೆ ಅರ್ಧ ಅರ್ಧ ಸ್ವರವಾಗಿ ಇಳಿಯುತ್ತದೆ. ಬಹಳ ಚೆನ್ನಾದ ಇಳಿಕೆ. ಆದರೆ ಮಿಡಿ (ಕಂಪ್ಯೂಟರಿಗೆ ಸ್ವರಗಳನ್ನು ಸಂಖ್ಯೆಯಾಗಿ ಕಳುಹಿಸುವ ಪದ್ಧತಿ) ಕೀಬೋರ್ಡಿನಿಂದ ತುಂಬಿದ್ದರಿಂದ ನಡುವಿನ ಸ್ವರ ಜಿ-ಶಾರ್ಪ್ ಎಂದು ದಾಖಲಾಗಿದೆ. ಮಿಡಿಗೆ ಸ್ವರದ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನಡು ಸಿ ಅದಕ್ಕೆ 60. ಜಿ-ಶಾರ್ಪ್ ಮತ್ತು ಎ-ಫ್ಲ್ಯಾಟ್‌ಗಳಿಗೆ ಒಂದೇ ಸಂಖ್ಯೆ. ಪಿಯಾನೊ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆಲ್ಟೊ ಹಾಳೆಗೆ ಸರಿದಾಗ ಅದು ಎಫ್-ಶಾರ್ಪ್, ಇ-ಶಾರ್ಪ್, ಇ ಆಗುತ್ತದೆ. ಎಂಟನೆಯ ತರಗತಿಯ ಹುಡುಗ ಇ-ಶಾರ್ಪ್ ಎಂದರೇನು ಎಂದು ಅಲ್ಲೇ ನಿಲ್ಲುತ್ತಾನೆ. ಮುಂದಿನ ಸ್ವರವಾದ ಇಗೆ ಆ ಶಾರ್ಪನ್ನು ರದ್ದುಮಾಡುವ ನ್ಯಾಚುರಲ್ ಚಿಹ್ನೆ ಬೇರೆ. ಮೂಲದಲ್ಲಿ ಅದನ್ನು ಎ-ಫ್ಲ್ಯಾಟ್ ಎಂದು ತಿದ್ದಿದರೆ ಹಾಳೆಯಲ್ಲಿ ಎಫ್-ಶಾರ್ಪ್, ಎಫ್-ನ್ಯಾಚುರಲ್, ಇ ಎಂದು ಬರುತ್ತದೆ, ಬೆರಳು ತಡವರಿಸದು. ಇಳಿಯುವಾಗ ಫ್ಲ್ಯಾಟ್, ಏರುವಾಗ ಶಾರ್ಪ್ ಎಂಬ ಸಾಮಾನ್ಯ ನಿಯಮವನ್ನು ಎಲ್ಲ ವಾದ್ಯಗಳ ಸಾಲುಗಳಿರುವ ಮೂಲ ಸ್ಕೋರ್‌ನಲ್ಲೇ ಪಾಲಿಸಿ. ಪಾರ್ಟಿನಲ್ಲಿ ಕಾಣುವ ವಿಚಿತ್ರ ಶಾರ್ಪ್‌ಗಳಿಗೆ ಬಹುಪಾಲು ಮೂಲದ ಕಾಗುಣಿತವೇ ಕಾರಣ.

ಎಫ್ ಮೇಜರ್ ಆರಿಸಿದ್ದು ನಿಮ್ಮ ಪುಣ್ಯ. ಗಿಟಾರ್ ಹಿಡಿದು ಹಾಡು ಕಟ್ಟುವವರು ಇ ಮೇಜರ್‌ನಲ್ಲಿ ಕಟ್ಟಿ ತರುತ್ತಾರೆ, ಏಕೆಂದರೆ ತಂತಿಗೆ ಅದು ಸಲೀಸು. ಅದರ ನಾಲ್ಕು ಶಾರ್ಪ್‌ಗಳಿಗೆ ಕ್ಲಾರಿನೆಟ್ ಎರಡನ್ನು, ಆಲ್ಟೊ ಮೂರನ್ನು ಸೇರಿಸಿಕೊಳ್ಳುತ್ತದೆ. ಕ್ಲಾರಿನೆಟ್ ಹಾಳೆಗೆ ಆರು ಶಾರ್ಪ್, ಆಲ್ಟೊ ಹಾಳೆಗೆ ಏಳು! ಏಳು ಶಾರ್ಪ್‌ನ ಸಿ-ಶಾರ್ಪ್ ಮೇಜರ್ ಬದಲು ಐದು ಫ್ಲ್ಯಾಟ್‌ನ ಡಿ-ಫ್ಲ್ಯಾಟ್ ಮೇಜರ್ ಕೊಡುವಂತೆ ತಂತ್ರಾಂಶಕ್ಕೆ ಹೇಳಬಹುದು. ಮ್ಯೂಸ್‌ಸ್ಕೋರ್‌ನಲ್ಲಿ ಆ ಆಯ್ಕೆ ಸ್ಟಾಫ್ ಪ್ರಾಪರ್ಟೀಸ್‌ನಲ್ಲೇ ಇದೆ. ಆದರೂ ಮಕ್ಕಳ ಬ್ಯಾಂಡಿಗೆ ನಾನು ಹಾಡನ್ನೇ ಇ-ಫ್ಲ್ಯಾಟ್‌ಗೆ ಅಥವಾ ಎಫ್‌ಗೆ ತರುತ್ತೇನೆ. ಗಿಟಾರಿನವರು ಕೇಪೊ (ಎಲ್ಲ ತಂತಿಗಳನ್ನೂ ಒಂದೇ ಮನೆಯಲ್ಲಿ ಒತ್ತಿಹಿಡಿಯುವ ಕ್ಲಿಪ್) ಹಾಕಿಕೊಳ್ಳಲಿ. ಅಂದ ಹಾಗೆ, ಕೇಪೊ ಹಾಕುವುದೂ ಇದೇ ತತ್ತ್ವ: ಎರಡನೆಯ ಮನೆಯಲ್ಲಿ ಕೇಪೊ ಹಾಕಿ ಡಿ ಹಿಡಿದರೆ ಕೇಳುವುದು ಇ. ಗಿಟಾರ್ ಬಲ್ಲ ಮಕ್ಕಳಿದ್ದರೆ ಅವರಿಗೆ ಹೀಗೆ ವಿವರಿಸಿ.

ನಿಮ್ಮ ಹಾರ್ನಿನ ವಿಷಯದಲ್ಲಿ ಮಾತ್ರ ನಾನು ನಿಲ್ಲುತ್ತೇನೆ. ನೀವು ಬರಿ ‘ಹಾರ್ನ್’ ಎಂದಿದ್ದೀರಿ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನ ಹಬ್ಬದ ಮೆರವಣಿಗೆಗೆ ನಾನು ಪಾರ್ಟ್‌ಗಳನ್ನು ಬರೆದುಕೊಟ್ಟಿದ್ದೆ. ಪಟ್ಟಿಯಲ್ಲಿ ‘ಹಾರ್ನ್’ ಎಂದಿತ್ತು. ಎಫ್ ಹಾರ್ನ್ ಎಂದುಕೊಂಡು ಅದೇ ಹಾಳೆ ಮುದ್ರಿಸಿದೆ. ಅಭ್ಯಾಸದ ಸಂಜೆ ಮೊದಲ ನಾಲ್ಕು ಬಾರ್‌ನಲ್ಲೇ (ಬಾರ್ ಎಂದರೆ ತಾಳದ ಒಂದು ಸುತ್ತಿನಂಥ ಅಳತೆ) ಹಾರ್ನಿನ ಸಾಲು ಪೂರ್ತಿ ಒಂದು ಸ್ವರ ಕೆಳಗೆ ಕೇಳಿಸಿತು. ನುಡಿಸುತ್ತಿದ್ದ ಹಿರಿಯರು ವಾದ್ಯವನ್ನು ಮಡಿಲಲ್ಲಿಟ್ಟು, ‘ಮಗಳೇ, ಇದು ನನ್ನ ಹಾರ್ನಿಗೆ ಬರೆದದ್ದಲ್ಲ’ ಎಂದರು. ಅವರ ಕೈಯಲ್ಲಿದ್ದುದು ಇ-ಫ್ಲ್ಯಾಟ್ ಟೆನರ್ ಹಾರ್ನ್. ಆ ರಾತ್ರಿ ಕುಳಿತು ಎರಡು ಹಾಳೆಗಳನ್ನು ಹೊಸದಾಗಿ ಮುದ್ರಿಸಿದೆ. ಅಂದಿನಿಂದ ವಾದ್ಯವನ್ನು ನೋಡದೆ ಅಥವಾ ಕೇಳದೆ ನಾನು ಯಾವ ಪಾರ್ಟನ್ನೂ ಮುದ್ರಿಸುವುದಿಲ್ಲ.

ಗುರುತಿಸುವುದು ಸುಲಭ. ಎಫ್ ಹಾರ್ನ್, ಅಂದರೆ ಫ್ರೆಂಚ್ ಹಾರ್ನ್, ದುಂಡಗೆ ಸುತ್ತಿಕೊಂಡಿರುತ್ತದೆ. ಎಡಗೈಯಿಂದ ವಾಲ್ವ್ ಒತ್ತಿ ಬಲಗೈಯನ್ನು ವಾದ್ಯದ ಅಗಲವಾದ ಬಾಯೊಳಗೆ ಇಡುತ್ತಾರೆ. ಟೆನರ್ ಹಾರ್ನ್ ಚಿಕ್ಕ ಟ್ಯೂಬಾದಂತೆ ಬಾಯಿ ಮೇಲಕ್ಕೆ ಮಾಡಿ ನಿಂತಿರುತ್ತದೆ. ಬಲಗೈಯಿಂದ ವಾಲ್ವ್ ಒತ್ತುತ್ತಾರೆ. ಅನುಮಾನ ಬಂದರೆ ಇನ್ನೊಂದು ದಾರಿಯಿದೆ, ಅದು ಎಲ್ಲ ವಾದ್ಯಗಳಿಗೂ ಸಲ್ಲುತ್ತದೆ: ‘ನಿನ್ನ ಸಿ ನುಡಿಸು’ ಎಂದು ಹೇಳಿ, ಹೊರಟ ನಾದವನ್ನು ಹಾರ್ಮೋನಿಯಂನಲ್ಲಿ ಹುಡುಕಿ. ಬಿ-ಫ್ಲ್ಯಾಟ್ ಸಿಕ್ಕರೆ ಬಿ-ಫ್ಲ್ಯಾಟ್ ವಾದ್ಯ, ಇ-ಫ್ಲ್ಯಾಟ್ ಸಿಕ್ಕರೆ ಇ-ಫ್ಲ್ಯಾಟ್ ವಾದ್ಯ, ಎಫ್ ಸಿಕ್ಕರೆ ಎಫ್ ವಾದ್ಯ. ಮೊಬೈಲಿನ ಟ್ಯೂನರ್ ಬಳಸುವುದಾದರೆ ಅದರಲ್ಲಿಯೂ ವಾದ್ಯಕ್ಕೆ ತಕ್ಕಂತೆ ಸರಿಸುವ ಆಯ್ಕೆ ಇರಬಹುದು; ಅದು ಸಿ ಮೇಲಿದೆಯೇ ಎಂದು ನೋಡಿಕೊಳ್ಳಿ. ಯೂಫೋನಿಯಂ ಸೇರಿಸುವ ಆಲೋಚನೆಯಿದ್ದರೆ, ನುಡಿಸುವವರು ಬಾಸ್ ಕ್ಲೆಫ್ ಓದುತ್ತಾರೋ ಟ್ರೆಬಲ್ ಕ್ಲೆಫ್ ಓದುತ್ತಾರೋ ಎಂದೂ ಮೊದಲೇ ಕೇಳಿ. ಬಾಸ್‌ನಲ್ಲಿ ಕೇಳುವ ಸ್ವರವನ್ನೇ ಬರೆಯುತ್ತಾರೆ. ಬ್ರಿಟಿಷ್ ಬ್ರಾಸ್ ಬ್ಯಾಂಡ್ ಸಂಪ್ರದಾಯದ ಟ್ರೆಬಲ್‌ನಲ್ಲಿ ಒಂದು ಸ್ಥಾಯಿ ಮತ್ತು ಎರಡು ಅರ್ಧಸ್ವರ ಮೇಲೆ ಬರೆಯುತ್ತಾರೆ.

ಸಂಖ್ಯೆಗಳು ಸರಿಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ, ಹಾಳೆಯನ್ನು ಆ ಮಗುವಿನ ಕಣ್ಣಿನಿಂದ ನೋಡುವುದು. ನಿಮ್ಮ ಅನುಪಲ್ಲವಿಯಲ್ಲಿ ಕ್ಲಾರಿನೆಟ್ ಕೇಳುವ ಜಿ ಮತ್ತು ಎ ನಡುವೆ ಎಂಟು ಬಾರ್ ಓಡಾಡುತ್ತದೆ. ಓದುವ ಸ್ವರದಲ್ಲಿ ಅದು ಎರಡನೆಯ ಜಾಗದ ಎ ಮತ್ತು ಮೂರನೆಯ ಗೆರೆಯ ಬಿ. ಕ್ಲಾರಿನೆಟ್ ಬಲ್ಲವರು ಇದನ್ನು ಕಂಡೊಡನೆ ನಿಟ್ಟುಸಿರು ಬಿಡುತ್ತಾರೆ. ಆ ಎ ಸ್ವರಕ್ಕೆ ಹೆಚ್ಚುಕಡಿಮೆ ಎಲ್ಲ ರಂಧ್ರಗಳೂ ತೆರೆದಿರುತ್ತವೆ, ಮರುಕ್ಷಣದ ಬಿ ಸ್ವರಕ್ಕೆ ಎಲ್ಲ ಬೆರಳುಗಳೂ ಒಟ್ಟಿಗೆ ಮುಚ್ಚಬೇಕು. ಒಂದು ಬೆರಳು ಜಾರಿದರೂ ಕೀಚು ದನಿ. ಎ ನುಡಿಸುವಾಗಲೇ ಬಲಗೈ ಬೆರಳುಗಳನ್ನು ಮುಚ್ಚಿಟ್ಟುಕೊಳ್ಳುವ ಉಪಾಯವನ್ನು ಹುಡುಗಿಗೆ ಕಲಿಸಬಹುದು, ನಾದಕ್ಕೆ ತೊಂದರೆಯಾಗದು. ಅವಳು ಇನ್ನೂ ಹೊಸಬಳಾದರೆ ಆ ಎಂಟು ಬಾರ್‌ಗಳನ್ನು ಟ್ರಂಪೆಟ್‌ಗೆ ಕೊಟ್ಟು, ಕ್ಲಾರಿನೆಟ್ಟಿಗೆ ಕೆಳಗಿನ ಡಿ–ಸಿ ಕೊಡಿ. ಹಾಗೆಯೇ ಕೊನೆಯ ಚರಣದಲ್ಲಿ ಆಲ್ಟೊವನ್ನು ಫ್ಲೂಟಿನ ಜೊತೆಗೇ ಮೇಲಿನ ಸಿವರೆಗೆ ಕರೆದೊಯ್ದಿದ್ದೀರಿ. ಆಲ್ಟೊದ ಸಾಮಾನ್ಯ ವ್ಯಾಪ್ತಿ ಕೇಳುವ ಎ-ಫ್ಲ್ಯಾಟ್ ಅಥವಾ ಎ ಹತ್ತಿರ ಮುಗಿಯುತ್ತದೆ. ಸಾಲನ್ನು ನಿಜವಾದ ಆಲ್ಟೊಗೆ ಬದಲಿಸಿದೊಡನೆ ಮ್ಯೂಸ್‌ಸ್ಕೋರ್ ಆ ಸ್ವರಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಫ್ಲೂಟ್ ಎಂದು ನಂಬಿಸಿದ್ದರಿಂದ ಇಲ್ಲಿಯವರೆಗೆ ಅದು ಎಚ್ಚರಿಸಲಿಲ್ಲ. ಅಲ್ಲಿ ಆಲ್ಟೊವನ್ನು ಒಂದು ಸ್ಥಾಯಿ ಇಳಿಸಿ.

ಈಗ ಪಾರ್ಟ್‌ಗಳನ್ನು ಬೇರ್ಪಡಿಸಬಹುದು. ಪಾರ್ಟ್ಸ್ ಎಂಬ ಗುಂಡಿಯಿಂದ ಎಲ್ಲವನ್ನೂ ಒಮ್ಮೆಗೇ ತೆರೆಯಿರಿ. ಮುದ್ರಿಸುವ ಮುನ್ನ ಕನ್ಸರ್ಟ್ ಪಿಚ್ ಗುಂಡಿ ಬಿಟ್ಟಿದೆಯೇ ಎಂದು ಪ್ರತಿ ಪಾರ್ಟಿನಲ್ಲೂ ನೋಡಿ. ಸ್ಕೋರಿನಲ್ಲಿ ಸ್ವರ ತಿದ್ದಿದರೆ ಪಾರ್ಟಿನಲ್ಲೂ ತಿದ್ದುಪಡಿಯಾಗುತ್ತದೆ, ಹಾಗಾಗಿ ಪಾರ್ಟನ್ನು ಬೇರೆ ಕಡತವಾಗಿ ನಕಲು ಮಾಡಿ ಪ್ರತ್ಯೇಕ ತಿದ್ದುವ ಅಭ್ಯಾಸ ಬೇಡ. ಕಾರ್ಡ್ ಹೆಸರುಗಳೂ ಸ್ವರದ ಜೊತೆ ಸರಿಯುತ್ತವೆ, ಆಲ್ಟೊ ಹಾಳೆಯಲ್ಲಿ ಎಫ್ ಕಾರ್ಡ್ ಡಿ ಎಂದು ಕಾಣುವುದು ಸರಿಯೇ. ಆದರೆ ನೀವು ಬರಿ ಅಕ್ಷರವಾಗಿ ಬರೆದ ‘ಇಲ್ಲಿಂದ ಎಫ್ ಹಿಡಿಯಿರಿ’ ಎಂಬ ಟಿಪ್ಪಣಿ ಸರಿಯುವುದಿಲ್ಲ. ಅದು ಆಲ್ಟೊ ಹುಡುಗನಿಗೆ ಸುಳ್ಳು ಹೇಳುತ್ತದೆ. ಅಳಿಸಿ, ಅಥವಾ ‘ಕನ್ಸರ್ಟ್ ಎಫ್’ ಎಂದು ಬರೆಯಿರಿ.

ಸತತ ವಿರಾಮದ ಬಾರ್‌ಗಳನ್ನು ಒಂದೇ ಪಟ್ಟಿಯಾಗಿ ಕೂಡಿಸುವ ಆಯ್ಕೆ ಪಾರ್ಟ್‌ಗಳಲ್ಲಿ ತಾನಾಗಿ ಇರುತ್ತದೆ. ಟ್ರೊಂಬೋನ್ ಹುಡುಗ ಇಪ್ಪತ್ತನಾಲ್ಕು ಬಾರ್ ಸುಮ್ಮನೆ ಕೂರಬೇಕು. ಅವನು ಲೆಕ್ಕ ತಪ್ಪದೆ ಇರಲು ಅವನು ಪ್ರವೇಶಿಸುವ ಮುನ್ನಿನ ಎರಡು ಬಾರ್ ಟ್ರಂಪೆಟ್ ಸ್ವರಗಳನ್ನು ಚಿಕ್ಕ ಅಕ್ಷರದಲ್ಲಿ ಸುಳಿವಾಗಿ ಕೊಡಿ. ಆ ಸುಳಿವು ಓದುವವನ ಶ್ರುತಿಯಲ್ಲಿರಬೇಕು, ಟ್ರಂಪೆಟ್‌ನ ಶ್ರುತಿಯಲ್ಲಲ್ಲ. ಸ್ವರರೇಖೆಗಳ ಐದು ಗೆರೆಗಳ ಒಟ್ಟು ಎತ್ತರ ಮುದ್ರಿತ ಹಾಳೆಯಲ್ಲಿ 7 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಸ್ಕೇಲ್ ಇಟ್ಟು ಅಳೆಯಿರಿ. ಎ4 ಹಾಳೆಗೆ ತುರುಕುವ ಆಸೆಯಿಂದ ಗಾತ್ರ ಇಳಿಸಿದರೆ ಸಂಜೆಯ ಬೆಳಕಿನಲ್ಲಿ ಸ್ಟ್ಯಾಂಡಿನಾಚೆ ನಿಂತ ಮಗುವಿಗೆ ಶಾರ್ಪ್ ಯಾವುದು, ನ್ಯಾಚುರಲ್ ಯಾವುದು ಕಾಣುವುದಿಲ್ಲ. ಪುಟ ತಿರುಗಿಸುವ ಜಾಗದಲ್ಲಿ ಕನಿಷ್ಠ ಎರಡು ಬಾರ್ ವಿರಾಮ ಇರುವಂತೆ ಸಾಲುಗಳನ್ನು ಮುರಿಯಿರಿ. ನಿಮ್ಮ ಫ್ಲೂಟ್ ಪಾರ್ಟ್ ಈಗ ದೀರ್ಘ ಓಟದ ಮಧ್ಯೆ ಪುಟ ತಿರುಗಿಸಲು ಕೇಳುತ್ತಿದೆ. ಫ್ಲೂಟ್ ಹಿಡಿಯಲು ಎರಡೂ ಕೈ ಬೇಕು.

ಬೇರೆಯವರಿಂದ ಹಳೆಯ ಕಡತಗಳು ಬಂದರೆ ಮ್ಯೂಸಿಕ್‌ಎಕ್ಸ್‌ಎಂಎಲ್ (ಸ್ವರಲಿಪಿ ತಂತ್ರಾಂಶಗಳು ಪರಸ್ಪರ ಓದಬಲ್ಲ ಕಡತ) ರೂಪದಲ್ಲಿ ಕೇಳಿ, ಮಿಡಿ ರೂಪದಲ್ಲಿ ಬೇಡ. ಮೊದಲನೆಯದರಲ್ಲಿ ವಾದ್ಯ ಎಷ್ಟು ಸರಿಯುತ್ತದೆ ಎಂಬುದು ಸ್ವರಹೆಸರಿನ ಲೆಕ್ಕದಲ್ಲೂ ಅರ್ಧಸ್ವರದ ಲೆಕ್ಕದಲ್ಲೂ ದಾಖಲಾಗಿರುತ್ತದೆ. ಆಲ್ಟೊ ಎಂದರೆ ಐದು ಹೆಸರು, ಒಂಬತ್ತು ಅರ್ಧಸ್ವರ ಕೆಳಗೆ ಎಂದು. ಮಿಡಿಯಲ್ಲಿ ಅದು ಉಳಿಯುವುದಿಲ್ಲ. ಫಿನಾಲೆ ತಂತ್ರಾಂಶದ ಅಭಿವೃದ್ಧಿ 2024ರಲ್ಲಿ ನಿಂತುಹೋಗಿದೆ. ಅದರಲ್ಲಿ ಹಾಡುಗಳನ್ನು ಕೂಡಿಟ್ಟವರು ನಿಮ್ಮ ಪರಿಚಯದಲ್ಲಿದ್ದರೆ, ಆ ಕಂಪ್ಯೂಟರ್ ಕೈಕೊಡುವ ಮೊದಲೇ ಎಲ್ಲವನ್ನೂ ಈ ರೂಪಕ್ಕೆ ಬದಲಿಸಿಡಲು ಹೇಳಿ.

ಮುಂದಿನ ಅಭ್ಯಾಸಕ್ಕೆ ಇಡೀ ಹಾಡನ್ನು ಮುದ್ರಿಸಬೇಡಿ. ಅದೇ ಆರು ವಾದ್ಯಗಳಿಗೆ ನಾಲ್ಕು ಬಾರ್‌ನ ಒಂದು ಪರೀಕ್ಷೆಯ ಕಡತ ಮಾಡಿ. ಎಲ್ಲರಿಗೂ ಕನ್ಸರ್ಟ್ ಬಿ-ಫ್ಲ್ಯಾಟ್ ಒಂದೇ ದೀರ್ಘ ಸ್ವರ. ಬ್ಯಾಂಡ್‌ಗಳು ಶ್ರುತಿ ಸೇರಿಸುವುದು ಸಾಮಾನ್ಯವಾಗಿ ಅದಕ್ಕೇ. ಕ್ಲಾರಿನೆಟ್ ಮತ್ತು ಟ್ರಂಪೆಟ್ ಹಾಳೆಯಲ್ಲಿ ಸಿ, ಆಲ್ಟೊ ಹಾಳೆಯಲ್ಲಿ ಜಿ ಕಾಣಬೇಕು. ಹಾರ್ನ್ ಎಫ್‌ನದಾದರೆ ಎಫ್, ಇ-ಫ್ಲ್ಯಾಟ್‌ನದಾದರೆ ಜಿ. ಒಬ್ಬೊಬ್ಬರಾಗಿ ಸೇರಿಸುತ್ತ ಹೋಗಿ. ಯಾರು ಸೇರಿದಾಗ ನಾದ ಕಲಕುತ್ತದೆಯೋ ಅವರ ಸಾಲನ್ನು ತೆರೆದು ನೋಡಿ. ಹಾರ್ನ್ ಯಾವುದೆಂದು ಗೊತ್ತಾದ ದಿನ ನನಗೆ ಬರೆಯಿರಿ, ಎರಡನೆಯ ಚರಣದ ಹಾರ್ನ್ ಸಾಲಿನಲ್ಲಿ ತುಸು ಕೆಳಗೆ ಇಳಿದಿರುವ ಜಾಗವನ್ನು ಆ ವಾದ್ಯಕ್ಕೆ ತಕ್ಕಂತೆ ಒಟ್ಟಿಗೆ ಕುಳಿತು ತಿದ್ದೋಣ.